ಜಾನ್ಸ್ ದ್ವೀಪದ ಪೌರಶಾಲೆ

ಹಕ್ಕೊಂದು ಶಾಸನದಲ್ಲಿ ಬರೆಯಲ್ಪಟ್ಟರೆ ಸಾಕು, ಅದು ತಾನಾಗಿ ಜನರ ಕೈಸೇರುವುದೆಂದು ನಂಬಿರುವವರು ಹಲವರು. ಆದರೆ ಶಾಸನವನ್ನು ಓದಬಲ್ಲವನಿಗೆ ಮಾತ್ರ ಹಕ್ಕು ಉಂಟೆಂದು ಅದೇ ಶಾಸನವು ವಿಧಿಸಿ, ಓದು ದೊರೆಯದಂತೆ ಅದೇ ಸರ್ಕಾರವು ನೋಡಿಕೊಂಡರೆ ಆ ಹಕ್ಕಿನ ಗತಿಯೇನು? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ದಕ್ಷಿಣ ಕೆರೋಲಿನಾದ ಕಪ್ಪುವರ್ಣದ ಪ್ರಜೆಗಳು 1895ರಿಂದ 1965ರ ವರೆಗೆ, ಎಪ್ಪತ್ತು ವರ್ಷಗಳ ಕಾಲ, ಇಂಥ ಸ್ಥಿತಿಯಲ್ಲಿಯೇ ಬಾಳಿದರು. ಆ ಕಾಲಾವಧಿಯ ಕೊನೆಯ ಎಂಟು ವರ್ಷಗಳಲ್ಲಿ, ಅಲ್ಲಿನ ಒಂದು ದ್ವೀಪದಲ್ಲಿ, ಕಿರಾಣಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಹುಟ್ಟಿದ ರಾತ್ರಿಯ ಪಾಠಶಾಲೆಯು ದಕ್ಷಿಣದ ಸಂಸ್ಥಾನಗಳಲ್ಲೆಲ್ಲ ಹಬ್ಬಿ ಲಕ್ಷಾಂತರ ಜನರನ್ನು ಮತಗಟ್ಟೆಗೆ ಕರೆತರುವ ಕಾರ್ಯಕ್ಕೆ ಮೂಲವಾಯಿತು. ಮಾರ್ಟಿನ್ ಲೂಥರ್ ಕಿಂಗರ ಹೆಸರನ್ನು ಬಲ್ಲವರು ಲೋಕದಲ್ಲೆಲ್ಲ ಇದ್ದಾರೆ. ಈ ಶಾಲೆಯನ್ನು ಕಟ್ಟಿದ ಸೆಪ್ಟಿಮಾ ಕ್ಲಾರ್ಕ್, ಈಸಾ ಜೆಂಕಿನ್ಸ್, ಬರ್ನಿಸ್ ರಾಬಿನ್ಸನ್ ಎಂಬ ಮೂವರ ಹೆಸರನ್ನು ಕೇಳಿದವರು ವಿರಳ.

1865ರಲ್ಲಿ ಅಂತರ್ಯುದ್ಧವು ಮುಗಿದು ದಾಸ್ಯವು ತೊಲಗಿದ ತರುವಾಯ ದಕ್ಷಿಣ ಕೆರೋಲಿನಾದಲ್ಲಿ 1868ರಲ್ಲಿ ನೆರೆದ ರಾಜ್ಯಾಂಗರಚನಾ ಸಭೆಯಲ್ಲಿ ಕಪ್ಪುಜನರ ಪ್ರತಿನಿಧಿಗಳೇ ಬಹುಸಂಖ್ಯಾತರಾಗಿದ್ದರು. ಎರಡು ವರ್ಷಗಳ ಮೇಲೆ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗಕ್ಕೆ ಸೇರಿದ ಹದಿನೈದನೆಯ ತಿದ್ದುಪಡಿಯು ಜನಾಂಗದ ಅಥವಾ ವರ್ಣದ ಕಾರಣದಿಂದ ಯಾರ ಮತವನ್ನೂ ಕಸಿಯಲಾಗದೆಂದು ಸಾರಿತು. ಈ ಬಾಳು ಬಹುಕಾಲ ನಿಲ್ಲಲಿಲ್ಲ. 1877ರಲ್ಲಿ ಕೇಂದ್ರದ ಸೈನ್ಯವು ಹಿಂದಿರುಗಿದೊಡನೆ ಹಳೆಯ ಒಡೆಯರು ಅಧಿಕಾರಕ್ಕೆ ಮರಳಿದರು. 1895ರಲ್ಲಿ ಬೆಂಜಮಿನ್ ಟಿಲ್ಮನ್ ಎಂಬ ಮುಖಂಡನ ನೇತೃತ್ವದಲ್ಲಿ ಹೊಸ ರಾಜ್ಯಾಂಗಸಭೆ ಸೇರಿತು. ಆ ಸಭೆಯಲ್ಲಿ ಕಪ್ಪುಜನರು ಆರು ಮಂದಿ ಮಾತ್ರ. ದಾಸನಾಗಿ ಹುಟ್ಟಿ, 1862ರಲ್ಲಿ ಶತ್ರುವಿನ ಹಡಗನ್ನೇ ನಡೆಸಿಕೊಂಡು ಹೋಗಿ ಒಕ್ಕೂಟದ ನೌಕಾಬಲಕ್ಕೊಪ್ಪಿಸಿ, ಮುಂದೆ ಕೇಂದ್ರ ಶಾಸನಸಭೆಯ ಸದಸ್ಯನೂ ಆಗಿದ್ದ ರಾಬರ್ಟ್ ಸ್ಮಾಲ್ಸನು ಅವರಲ್ಲೊಬ್ಬ. ಆತನು ವಾದಿಸಿ ಸೋತನು. ಸಿದ್ಧವಾದ ರಾಜ್ಯಾಂಗಕ್ಕೆ ಸಹಿ ಹಾಕಲು ಒಪ್ಪಲಿಲ್ಲ.

ಹದಿನೈದನೆಯ ತಿದ್ದುಪಡಿಯು ಜಾರಿಯಲ್ಲಿದ್ದುದರಿಂದ ವರ್ಣದ ಮಾತನ್ನು ಶಾಸನದಲ್ಲಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆದಕಾರಣ ಬೇರೊಂದು ಉಪಾಯವನ್ನು ಹೂಡಿದರು. ಮತದಾರನಾಗಬೇಕೆಂಬವನು ರಾಜ್ಯಾಂಗದ ಯಾವುದೇ ವಿಧಿಯನ್ನು ಅಧಿಕಾರಿಯ ಮುಂದೆ ಓದಿ ಬರೆದು ತೋರಿಸಬೇಕು. ಇಲ್ಲವೆ 300 ಡಾಲರಿಗೆ ಕಡಿಮೆಯಿಲ್ಲದ ಆಸ್ತಿಗೆ ತೆರಿಗೆ ಕಟ್ಟಿರಬೇಕು. ಇದಲ್ಲದೆ ತಲೆಗಂದಾಯವನ್ನು ಚುನಾವಣೆಗೆ ಆರು ತಿಂಗಳು ಮುಂಚೆಯೇ ಸಲ್ಲಿಸಿರಬೇಕು. ಓದು ಬಾರದ ಬಿಳಿಯರು ಹೊರಗುಳಿದಾರೆಂದು, ವಿಧಿಯನ್ನು ಓದಿಹೇಳಿದಾಗ ಅರ್ಥ ಹೇಳಬಲ್ಲವರನ್ನೂ 1898ರ ಆರಂಭದ ವರೆಗೆ ಪಟ್ಟಿಗೆ ಸೇರಿಸಬಹುದೆಂದು ಒಂದು ಕಿಂಡಿಯನ್ನಿಟ್ಟರು. ಅರ್ಥವು ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಅಧಿಕಾರಿ. ಅವನು ಯಾರವನೆಂಬುದನ್ನು ವಿವರಿಸಬೇಕಾಗಿಲ್ಲ. ಇಷ್ಟೂ ಸಾಲದೆಂಬಂತೆ, ಸಂಸ್ಥಾನವನ್ನು ಆಳುತ್ತಿದ್ದ ಏಕೈಕ ಪಕ್ಷವು ತನ್ನ ಒಳಚುನಾವಣೆಯಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶವಿತ್ತಿತ್ತು. ಈ ಕೊನೆಯ ಬೇಲಿಯನ್ನು 1947ರಲ್ಲಿ ಮುರಿದವರು ಚಾರ್ಲ್ಸ್‌ಟನ್ ನಗರದ ಹಳೆಯ ಬಿಳಿಯ ಮನೆತನವೊಂದರಲ್ಲಿ ಹುಟ್ಟಿದ ನ್ಯಾಯಾಧೀಶ ವೇಟೀಸ್ ವೇರಿಂಗರು. ತೀರ್ಪಿನ ಫಲವಾಗಿ ಸ್ವಜನರೇ ಅವರನ್ನು ದೂರವಿಟ್ಟರು. ನಿವೃತ್ತರಾದ ಮೇಲೆ ಅವರು ಹುಟ್ಟೂರನ್ನು ಬಿಟ್ಟು ನ್ಯೂಯಾರ್ಕಿಗೆ ಹೋಗಿ ನೆಲೆಸಬೇಕಾಯಿತು. 1951ರಲ್ಲಿ ತಲೆಗಂದಾಯದ ನಿಬಂಧನೆಯೂ ಹೋಯಿತು. ಓದಿನ ಪರೀಕ್ಷೆಯೊಂದು ಉಳಿಯಿತು.

ಇಲ್ಲಿ ವಾಚಕರು ಒಂದನ್ನು ನೆನೆಯಬಹುದು. ಅದೇ 1951–52ರಲ್ಲಿ ಭಾರತದಲ್ಲಿ ಮೊದಲ ಮಹಾಚುನಾವಣೆ ನಡೆದಾಗ ಮತದಾರರಲ್ಲಿ ಬಹುಪಾಲು ಜನರಿಗೆ ಅಕ್ಷರಜ್ಞಾನವಿರಲಿಲ್ಲ. ಅವರನ್ನು ಹೊರಗಿಡದೆ, ಮತಪೆಟ್ಟಿಗೆಗಳ ಮೇಲೆ ಚಿತ್ರರೂಪದ ಚಿಹ್ನೆಗಳನ್ನು ಅಂಟಿಸಿ ದಾರಿ ಮಾಡಲಾಯಿತು. ಪ್ರಜಾಪ್ರಭುತ್ವದ ಹಿರಿಯ ನಾಡೆನಿಸಿಕೊಂಡಲ್ಲಿ ಅಕ್ಷರವು ಬಾಗಿಲಿಗೆ ಬೀಗವಾಗಿದ್ದ ಕಾಲದಲ್ಲಿಯೇ ಕಿರಿಯ ನಾಡಿನಲ್ಲಿ ಹೀಗೆ ನಡೆಯಿತು.

ಚಾರ್ಲ್ಸ್‌ಟನ್ ನಗರದ ಹತ್ತಿರ ಸಮುದ್ರತೀರಕ್ಕೆ ಹೊಂದಿಕೊಂಡಂತೆ ಕೆಲವು ದ್ವೀಪಗಳಿವೆ. ಜಾನ್ಸ್ ದ್ವೀಪವು ಅವುಗಳಲ್ಲೊಂದು. ದಾಸ್ಯದ ಕಾಲದಲ್ಲಿ ಹತ್ತಿಯ ತೋಟಗಳಿಗಾಗಿ ಆಫ್ರಿಕದಿಂದ ತರಲ್ಪಟ್ಟವರ ಸಂತತಿಯವರು ಆಗ ಅಲ್ಲಿ ಹೆಚ್ಚಾಗಿದ್ದರು. ಸೇತುವೆಗಳಿಲ್ಲದ ಕಾಲದಲ್ಲಿ ಹೊರಲೋಕದ ಸಂಪರ್ಕವು ಕಡಿಮೆಯಾಗಿದ್ದುದರಿಂದ ಅವರಲ್ಲಿ ಗಲ್ಲಾ ಎಂಬ ಪ್ರತ್ಯೇಕ ನುಡಿಯೇ ಬೆಳೆದಿತ್ತು. ಅದರಲ್ಲಿ ಇಂಗ್ಲಿಷು ಪದಗಳು ಆಫ್ರಿಕದ ಮಾತುಗಳ ನಡೆಯೊಡನೆ ಬೆರೆತಿವೆ. ಇಂಥ ನುಡಿಯನ್ನಾಡುವವರಿಗೆ ರಾಜ್ಯಾಂಗದ ಗ್ರಾಂಥಿಕ ಇಂಗ್ಲಿಷು ಎಷ್ಟು ದೂರದ್ದೆಂಬುದನ್ನು, ಮನೆಯಲ್ಲಿ ಒಂದು ಮಾತು ಕಚೇರಿಯಲ್ಲಿ ಒಂದು ಮಾತು ಎಂಬ ಅನುಭವವಿರುವ ನಾಡಿನವರು ಊಹಿಸಬಲ್ಲರು.

ಈ ದ್ವೀಪಕ್ಕೆ 1916ರಲ್ಲಿ ಹದಿನೆಂಟು ವರ್ಷದ ಉಪಾಧ್ಯಾಯಿನಿಯಾಗಿ ಸೆಪ್ಟಿಮಾ ಪಾಯಿನ್ಸೆಟ್ ಬಂದರು. (ಕ್ಲಾರ್ಕ್ ಎಂಬುದು ವಿವಾಹಾನಂತರದ ಹೆಸರು.) ಅವರ ತಂದೆ ದಾಸನಾಗಿ ಹುಟ್ಟಿದವರು, ತಾಯಿ ಹೈಟಿಯಲ್ಲಿ ಬೆಳೆದವರು. ಚಾರ್ಲ್ಸ್‌ಟನ್ನಿನಲ್ಲಿ ಓದು ಮುಗಿಸಿದರೂ ಆ ನಗರದ ಸರ್ಕಾರಿ ಶಾಲೆಗಳಲ್ಲಿ ಕಪ್ಪುಜನರಿಗೆ ಉಪಾಧ್ಯಾಯ ವೃತ್ತಿ ನಿಷಿದ್ಧವಾಗಿದ್ದುದರಿಂದ ದ್ವೀಪದ ಶಾಲೆಯೇ ಗತಿಯಾಯಿತು. ಅಲ್ಲಿ ಇಬ್ಬರು ಉಪಾಧ್ಯಾಯಿನಿಯರಿಗೆ 132 ಮಕ್ಕಳು. ಮುಖ್ಯೋಪಾಧ್ಯಾಯಿನಿಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಸೆಪ್ಟಿಮಾರಿಗೆ ತಿಂಗಳಿಗೆ 35 ಡಾಲರು. ಎದುರುಗಡೆಯ ಬಿಳಿಯರ ಶಾಲೆಯಲ್ಲಿ ಮೂವರು ಮಕ್ಕಳಿದ್ದರು. ಅಲ್ಲಿನ ಉಪಾಧ್ಯಾಯಿನಿಗೆ 85 ಡಾಲರು. ಈ ಅಂಕಿಗಳನ್ನು ಅವರು ವೃದ್ಧಾಪ್ಯದ ವರೆಗೂ ಮರೆಯಲಿಲ್ಲ.

ತರುವಾಯ ನಗರದ ಶಾಲೆಗಳಲ್ಲಿ ಕಪ್ಪು ಉಪಾಧ್ಯಾಯರನ್ನು ನೇಮಿಸಬೇಕೆಂಬ ಚಳವಳಿ ಹುಟ್ಟಿತು. ಉಪಾಧ್ಯಾಯರು ಬೇಕೆಂಬುದು ಕೆಲವು ಅನುಕೂಲಸ್ಥರ ಆಸೆಯೇ ಹೊರತು ಅಡಿಗೆಯವರ, ಕೂಲಿಯವರ ಅಪೇಕ್ಷೆಯಲ್ಲವೆಂದು ವಿರೋಧಿಗಳು ಹೇಳಿದರು. ಆಗ ಸೆಪ್ಟಿಮಾರು ಇತರರೊಡನೆ ಮನೆಮನೆಗೆ ಹೋಗಿ ಆ ಅಡಿಗೆಯವರ, ಕೂಲಿಯವರ ಸಹಿಗಳನ್ನೇ ಸಹಸ್ರಾರು ಸಂಖ್ಯೆಯಲ್ಲಿ ತಂದರು. 1920ರಲ್ಲಿ ನಿಷೇಧವು ರದ್ದಾಯಿತು. ಮುಂದಿನ ಕಾರ್ಯದ ಬೀಜವು ಇಲ್ಲಿಯೇ ಇದೆ; ಸಾಮಾನ್ಯರು ಕೇಳುವುದಿಲ್ಲವೆಂಬ ಮಾತಿಗೆ ಅವರು ಕೊಟ್ಟ ಉತ್ತರವು ಭಾಷಣವಲ್ಲ, ಸಹಿಗಳ ಕಟ್ಟು.

ದ್ವೀಪದ ಶಾಲೆಯಲ್ಲಿ ಅವರ ಬಳಿ ಅಕ್ಷರ ಕಲಿತ ಮಕ್ಕಳಲ್ಲಿ 1910ರಲ್ಲಿ ಹುಟ್ಟಿದ ಈಸಾ ಜೆಂಕಿನ್ಸನೂ ಒಬ್ಬನು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ದುಡಿಮೆಗಿಳಿದ ಜೆಂಕಿನ್ಸರು ಬೆಳೆದು ತರಕಾರಿಯ ವ್ಯಾಪಾರಿಯಾದರು. ನಗರದ ತರಕಾರಿ ಅಂಗಡಿಗಳನ್ನು ನಡೆಸುತ್ತಿದ್ದವರಲ್ಲಿ ಗ್ರೀಕರು ಅನೇಕರಾದ್ದರಿಂದ ಅವರೊಡನೆ ವ್ಯವಹರಿಸಲೆಂದು ಗ್ರೀಕ್ ಭಾಷೆಯನ್ನು ಕಲಿತುಕೊಂಡರಂತೆ. ದ್ವೀಪದಲ್ಲಿ ಕಪ್ಪುಮಕ್ಕಳಿಗೆ ಪ್ರೌಢಶಾಲೆಯಿಲ್ಲದಿರಲು ಮಕ್ಕಳನ್ನು ನಗರಕ್ಕೆ ಕರೆದೊಯ್ಯಲು 1945ರ ಸುಮಾರಿಗೆ ಒಂದು ಮೋಟಾರು ಬಸ್ಸನ್ನು ಕೊಂಡರು. ಕ್ರಮೇಣ ಚುಟ್ಟದ ಕಾರ್ಖಾನೆಗೂ ಹಡಗುಕಟ್ಟೆಗೂ ಬಿಳಿಯರ ಮನೆಗೆಲಸಕ್ಕೂ ಹೋಗುವವರು ಅದರಲ್ಲಿ ಪ್ರಯಾಣ ಮಾಡತೊಡಗಿದರು. 1948ರಲ್ಲಿ ಅವರು ನೆರೆಹೊರೆಯವರನ್ನು ಕೂಡಿಸಿಕೊಂಡು ಪರಸ್ಪರ ಸಹಾಯಕ್ಕಾಗಿಯೂ ಪೌರಕಾರ್ಯಗಳಿಗಾಗಿಯೂ ಪ್ರಗತಿಸಂಘ ಎಂಬರ್ಥದ ಪ್ರೊಗ್ರೆಸಿವ್ ಕ್ಲಬ್ಬನ್ನು ಕಟ್ಟಿದರು.

ಬಸ್ಸಿನ ಪ್ರಯಾಣವು ದೀರ್ಘ. ಪ್ರಯಾಣಿಕರು ದಿನವೂ ಅವರೇ. ಜೆಂಕಿನ್ಸರು ರಾಜ್ಯಾಂಗದ ವಿಧಿಗಳನ್ನು ಅಚ್ಚುಮಾಡಿಸಿದ ಕಾಗದಗಳನ್ನು ಅವರಿಗೆ ಹಂಚಿ, ದಾರಿಯಲ್ಲಿ ಅವನ್ನು ಹೇಳಿಕೊಡಲಾರಂಭಿಸಿದರು. ಪ್ರಯಾಣಿಕರಲ್ಲಿ ಆಲಿಸ್ ವೈನ್ ಎಂಬಾಕೆ ಓದಲಾರದೆ ಕೇಳಿಕೇಳಿಯೇ ಆ ವಿಧಿಯನ್ನು ಕಂಠಪಾಠ ಮಾಡಿದರು. ಅಧಿಕಾರಿಯ ಮುಂದೆ ಕಾಗದವನ್ನು ಹಿಡಿದು ಬಾಯಿಪಾಠವನ್ನೊಪ್ಪಿಸಿ ಪಟ್ಟಿಗೆ ಸೇರಿಯೂ ಸೇರಿದರು. ಕಾರ್ಯಸಾಧನೆಯಷ್ಟೇ ಉದ್ದೇಶವಾಗಿದ್ದರೆ ಇಲ್ಲಿಗೆ ನಿಲ್ಲಬಹುದಾಗಿತ್ತು. ಆದರೆ ಆಕೆಗೆ ತೃಪ್ತಿಯಾಗಲಿಲ್ಲ. ತಾನು ನಿಜವಾಗಿ ಓದುವುದನ್ನೇ ಕಲಿಯಬೇಕು, ಕಲಿಸುವವರು ಯಾರು ಎಂದು ಕೇಳಿದರು. ಈ ಚರಿತ್ರೆಯಲ್ಲೆಲ್ಲ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಮತ್ತೊಂದಿಲ್ಲ.

ಆ ಪ್ರಶ್ನೆಯು ಟೆನೆಸಿ ಸಂಸ್ಥಾನದ ಬೆಟ್ಟಗಳ ನಡುವೆ, ಮಾಂಟೀಗಲ್ ಎಂಬಲ್ಲಿದ್ದ ಹೈಲ್ಯಾಂಡರ್ ಜನಶಾಲೆಗೆ ಮುಟ್ಟಿತು. ಮೈಲ್ಸ್ ಹಾರ್ಟನ್ ಮೊದಲಾದವರು 1932ರಲ್ಲಿ ಸ್ಥಾಪಿಸಿದ ಈ ಶಾಲೆಯಲ್ಲಿ ಕಪ್ಪುಬಿಳಿಯರು ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ಆ ಕಾಲದ ದಕ್ಷಿಣದಲ್ಲಿ ಅದೊಂದು ಸಾಹಸ. 1954ರಲ್ಲಿ ಅಲ್ಲಿಗೆ ಹೋಗಿಬಂದ ಕ್ಲಾರ್ಕರು ಅದೇ ವರ್ಷ ಜೆಂಕಿನ್ಸರನ್ನು ಸಂಯುಕ್ತ ರಾಷ್ಟ್ರಸಂಸ್ಥೆಯ ವಿಷಯವಾದ ಒಂದು ಅಧ್ಯಯನಕೂಟಕ್ಕೆ ಕರೆದೊಯ್ದರು. ಮಾತಿನ ಸರದಿ ಬಂದಾಗ ಜೆಂಕಿನ್ಸರು ರಾಷ್ಟ್ರಸಂಸ್ಥೆಯನ್ನು ಬದಿಗಿಟ್ಟು, ತಮ್ಮ ದ್ವೀಪದ ವಯಸ್ಕರಿಗೆ ಓದು ಕಲಿಸುವ ಶಾಲೆಯೊಂದು ಬೇಕೆಂದು ಕೇಳಿದರು.

ಇಷ್ಟರಲ್ಲಿ ಕ್ಲಾರ್ಕರ ಜೀವನದಲ್ಲಿ ಒಂದು ಆಘಾತವು ಸಂಭವಿಸಿತು. 1956ರಲ್ಲಿ ದಕ್ಷಿಣ ಕೆರೋಲಿನಾದ ಶಾಸನಸಭೆಯು ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ರಾಷ್ಟ್ರೀಯ ಸಂಘದ ಸದಸ್ಯರಾರೂ ಸರ್ಕಾರಿ ನೌಕರಿಯಲ್ಲಿರಕೂಡದೆಂದು ಕಾಯಿದೆ ಮಾಡಿತು. ಕ್ಲಾರ್ಕರು ತಮ್ಮ ಸದಸ್ಯತ್ವವನ್ನು ಮುಚ್ಚಿಡಲಿಲ್ಲ. ನಾಲ್ವತ್ತು ವರ್ಷಗಳ ಸೇವೆಯ ಮೇಲೆ, ಐವತ್ತೆಂಟರ ವಯಸ್ಸಿನಲ್ಲಿ ಅವರ ನೌಕರಿಯೂ ನಿವೃತ್ತಿವೇತನವೂ ಒಂದೇ ಸಲ ಹೋದವು. ಹಾರ್ಟನ್ನರು ಅವರನ್ನು ಹೈಲ್ಯಾಂಡರಿನ ಅಧ್ಯಯನಕೂಟಗಳ ನಿರ್ದೇಶಕರನ್ನಾಗಿ ಕರೆಸಿಕೊಂಡರು.

ದ್ವೀಪದಲ್ಲಿ ವಯಸ್ಕರ ಶಿಕ್ಷಣವು ಅದಕ್ಕೆ ಮೊದಲು ಇರಲೇ ಇಲ್ಲವೆಂದಲ್ಲ. ಆದರೆ ಚಿಕ್ಕ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಿಸಿಕೊಂಡು ಕುಳಿತು, ಮಕ್ಕಳ ಪುಸ್ತಕಗಳನ್ನು ಹಿಡಿದು, ಮಕ್ಕಳಿಗೆ ಹೇಳುವ ಧ್ವನಿಯಲ್ಲಿಯೇ ಹೇಳಿಸಿಕೊಳ್ಳುವುದು ಬೆಳೆದವರಿಗೆ ನಾಚಿಕೆಯನ್ನುಂಟುಮಾಡುತ್ತಿತ್ತು. ಬಂದವರು ಒಬ್ಬೊಬ್ಬರಾಗಿ ಬಿಟ್ಟುಹೋಗುತ್ತಿದ್ದರು. ಜನರಿಗೆ ಆಸಕ್ತಿಯಿಲ್ಲವೆಂದು ಹೊರಗಿನವರು ಬರೆದುಕೊಳ್ಳುತ್ತಿದ್ದರು. ಈ ವಿಫಲತೆಯ ಕಾರಣವನ್ನು ಹಾರ್ಟನ್, ಕ್ಲಾರ್ಕ್, ಜೆಂಕಿನ್ಸ್ ಮೂವರೂ ಕೂಲಂಕಷವಾಗಿ ವಿಚಾರಿಸಿದರು.

ಪ್ರಗತಿಸಂಘದವರು ಹೈಲ್ಯಾಂಡರಿನಿಂದ 1500 ಡಾಲರು ಸಾಲ ಪಡೆದು ಒಂದು ಹಳೆಯ ಶಾಲೆಯ ಕಟ್ಟಡವನ್ನು ಕೊಂಡರು. ಮುಂಭಾಗದಲ್ಲಿ ಸಹಕಾರಿ ಕಿರಾಣಿ ಅಂಗಡಿ ಇಟ್ಟರು. ಹಿಂಭಾಗದ ಎರಡು ಕೋಣೆಗಳು ಪಾಠಕ್ಕೆ. ಅಂಗಡಿಯ ವ್ಯಾಪಾರದಿಂದ ಸಾಲ ತೀರಬೇಕು. ಹೊರಗಿನವರ ಕಣ್ಣಿಗೆ ಅದು ಅಂಗಡಿಯಾಗಿಯೇ ಕಾಣಬೇಕು. ಹಿಂದಿನ ಕೋಣೆಗಳಿಗೆ ಕಿಟಕಿಗಳಿರಲಿಲ್ಲ. ಒಳಗೆ ಯಾರು ಏನು ಓದುತ್ತಿದ್ದಾರೆಂದು ಇಣಿಕಿ ನೋಡಿ ಹೋಗಿ ಹೇಳುವವರಿದ್ದರು; ಓದು ಕಲಿತದ್ದಕ್ಕಾಗಿ ಕೂಲಿಯನ್ನೂ ಗೇಣಿಯ ನೆಲವನ್ನೂ ಕಳೆದುಕೊಳ್ಳುವ ಭಯವು ಕಲ್ಪಿತವಾದುದಲ್ಲ.

ಉಪಾಧ್ಯಾಯರಾರು ಎಂಬುದು ಮುಂದಿನ ಪ್ರಶ್ನೆ. ತರಬೇತಾದ ಉಪಾಧ್ಯಾಯರು ಸರ್ಕಾರದ ಸಂಬಳವನ್ನು ಉಣ್ಣುವವರು. ಕ್ಲಾರ್ಕರಿಗಾದ ಗತಿಯನ್ನು ಎಲ್ಲರೂ ಕಂಡಿದ್ದರು. ಅದಲ್ಲದೆ ತರಬೇತಿನ ಜೊತೆಗೆ ಬರುವ ಗತ್ತೂ ಬೇಡವಾಗಿತ್ತು. ಆಯ್ಕೆಯು ಕ್ಲಾರ್ಕರ ಸೋದರಸಂಬಂಧಿಯಾದ ಬರ್ನಿಸ್ ರಾಬಿನ್ಸನ್ನರ ಮೇಲೆ ಬಿತ್ತು. ಅವರು ಚಾರ್ಲ್ಸ್‌ಟನ್ನಿನಲ್ಲಿ ಹೆಂಗಸರ ಕೂದಲನ್ನು ಶೃಂಗರಿಸುವ ಅಂಗಡಿಯನ್ನು ನಡೆಸುತ್ತಿದ್ದರು. ಗಿರಾಕಿಗಳೆಲ್ಲರೂ ಕಪ್ಪುಹೆಂಗಸರೇ, ಬಿಳಿಯ ಯಜಮಾನನೊಬ್ಬನು ಮುನಿದರೆ ಅವರ ಅನ್ನಕ್ಕೆ ಕುಂದಿಲ್ಲ. ತಾನು ಎಂದೂ ಪಾಠ ಹೇಳಿದವಳಲ್ಲವೆಂದು ಅವರು ಹಿಂದೆಗೆದರು. ಅದೇ ಕಾರಣದಿಂದ ತಾವೇ ಬೇಕೆಂದು ಉಳಿದವರು ಒಪ್ಪಿಸಿದರು.

1957ನೆಯ ಇಸವಿ ಜನವರಿ 7ನೆಯ ತಾರೀಖಿನ ರಾತ್ರಿ ಮೊದಲ ಪಾಠ ನಡೆಯಿತು. ಬಂದವರು ಹದಿನಾಲ್ವರು. ರಾಬಿನ್ಸನ್ನರು ಮೊದಲ ಮಾತಿನಲ್ಲಿಯೇ, ತಾನು ಉಪಾಧ್ಯಾಯಿನಿಯಲ್ಲ, ಎಲ್ಲರೂ ಕೂಡಿ ಕಲಿಯೋಣ, ನಿಮ್ಮಿಂದ ತನಗೂ ಕಲಿಯುವುದು ಉಂಟೆಂದು ತಿಳಿಸಿದರು. ತಂದಿದ್ದ ಮಕ್ಕಳ ಪುಸ್ತಕಗಳು ಇವರಿಗೆ ತಕ್ಕವಲ್ಲವೆಂದು ಕಂಡೊಡನೆ ಅವನ್ನು ಬದಿಗಿಟ್ಟು, ಏನು ಕಲಿಯಬೇಕೆಂದಿದ್ದೀರೆಂದು ಕೇಳಿದರು. ಒಬ್ಬರಿಗೆ ತಮ್ಮ ಹೆಸರನ್ನು ಬರೆಯುವ ಆಸೆ. ಮತ್ತೊಬ್ಬರಿಗೆ ಅಂಚೆಯ ಹಣರವಾನೆಯ ಕಾಗದವನ್ನು ತುಂಬಬೇಕು. ಇನ್ನೊಬ್ಬರಿಗೆ ಅಂಚೆಯಲ್ಲಿ ಬಟ್ಟೆಬರೆ ತರಿಸುವ ದೊಡ್ಡ ಅಂಗಡಿಯ ಪಟ್ಟಿಯನ್ನು ಓದಬೇಕು. ಕೆಲವರಿಗೆ ವೇದಪುಸ್ತಕ. ಎಲ್ಲರಿಗೂ ಮತದ ವಿಧಿ.

ಪಾಠವು ಈ ಬೇಡಿಕೆಗಳಿಂದಲೇ ಹುಟ್ಟಿತು. ದಪ್ಪ ಕಾಗದದ ಮೇಲೆ ದೊಡ್ಡದಾಗಿ ಬರೆದ ತಮ್ಮ ಹೆಸರಿನ ಜಾಡಿನಲ್ಲಿಯೇ ಬೆರಳೂ ಸೀಸದ ಕಡ್ಡಿಯೂ ಹಲವು ಬಾರಿ ಓಡಿ ಕೈಗೆ ಅಕ್ಷರದ ರೂಢಿಯಾಗುತ್ತಿತ್ತು. ನೇಗಿಲು ಹಿಡಿದು ಬಲಿತ ಕೈಗಳಲ್ಲಿ ಕಡ್ಡಿಗಳು ಲಟ್ಟನೆ ಮುರಿಯುತ್ತಿದ್ದವು. ನಾಚಿಕೊಂಡವರಿಗೆ ಮತ್ತೊಂದನ್ನು ಕೊಡುತ್ತಿದ್ದರು. ದಿನದ ಅನುಭವವನ್ನು ಅವರು ಹೇಳಿದರೆ ರಾಬಿನ್ಸನ್ನರು ಬರೆದುಕೊಂಡು ಅದನ್ನೇ ವಾಚನಪಾಠವಾಗಿ ಮಾಡುತ್ತಿದ್ದರು; ತನ್ನ ಮಾತೇ ಕಾಗದದ ಮೇಲೆ ಕುಳಿತದ್ದನ್ನು ಕಂಡವನಿಗೆ ಅಕ್ಷರದ ಹೆದರಿಕೆ ಅರ್ಧ ಹೋಗುತ್ತದೆ. ಅಂಗಡಿಗಳ ಬೆಲೆಪಟ್ಟಿಗಳಿಂದ ಲೆಕ್ಕಗಳು ಸಿದ್ಧವಾದವು. ಗೋಡೆಯ ಮೇಲೆ ಸಂಯುಕ್ತ ರಾಷ್ಟ್ರಸಂಸ್ಥೆಯು 1948ರಲ್ಲಿ ಸಾರಿದ ಮಾನವ ಹಕ್ಕುಗಳ ಘೋಷಣೆಯನ್ನು ತೂಗುಹಾಕಿ, ತರಗತಿಗಳು ಮುಗಿಯುವುದರೊಳಗೆ ಎಲ್ಲರೂ ಅದನ್ನು ಓದಬೇಕೆಂದರು. ಹೊಲಗೆಲಸವಿಲ್ಲದ ಚಳಿಗಾಲದ ತಿಂಗಳುಗಳಲ್ಲಿ ವಾರಕ್ಕೆ ಎರಡು ರಾತ್ರಿ ಪಾಠ ನಡೆಯಿತು. ಹಿರಿಯರ ಜೊತೆಗೆ ಹುಡುಗಿಯರೂ ಬಂದರು. ಅವರಿಗೆ ಹೊಲಿಗೆಯನ್ನೂ ಕಲಿಸಿದರು. ಆ ಅವಧಿ ಮುಗಿದ ಮೇಲೆ ಕಲಿತವರು ಚಾರ್ಲ್ಸ್‌ಟನ್ನಿಗೆ ಹೋಗಿ, ಅಧಿಕಾರಿ ತೋರಿಸಿದ ವಿಧಿಯನ್ನು ಓದಿ, ಮತದಾರರ ಪಟ್ಟಿಗೆ ಸೇರತೊಡಗಿದರು. ಈ ಬಾರಿ ಕಂಠಪಾಠವಲ್ಲ.

ಮತವನ್ನು ಯಾರಿಗೆ ಹಾಕಬೇಕೆಂಬುದು ಪಾಠಪಟ್ಟಿಯಲ್ಲಿರಲಿಲ್ಲ. ಕ್ಲಾರ್ಕರು ಸಿದ್ಧಪಡಿಸಿದ ಪಾಠಪುಸ್ತಿಕೆಯಲ್ಲಿ ಸಂಸ್ಥಾನದ ಚುನಾವಣಾ ಕಾಯಿದೆ, ರಾಜಕೀಯ ಪಕ್ಷಗಳ ಸ್ವರೂಪ, ತೆರಿಗೆ, ಸಾಮಾಜಿಕ ವಿಮೆ, ಜಿಲ್ಲೆಯ ಶಿಕ್ಷಣಮಂಡಲಿಯ ಕೆಲಸ ಇವುಗಳ ವಿವರಣೆಯಿತ್ತು. ಯಾವ ಉಮೇದುವಾರನ ಹೆಸರೂ ಇರಲಿಲ್ಲ. ಧರ್ಮನಿಧಿಗಳಿಂದ ಬರುವ ಹಣಕ್ಕೆ ಪಕ್ಷಕಾರ್ಯವು ಶಾಸನರೀತ್ಯಾ ನಿಷಿದ್ಧವೆಂಬುದು ಇದಕ್ಕೆ ಒಂದು ಕಾರಣ. ಆದರೆ ಅಷ್ಟರಿಂದಲೇ ಈ ಸಂಯಮವನ್ನು ಅಳೆಯುವುದು ಸರಿಯಲ್ಲ. ತಲೆಮಾರುಗಳಿಂದ ಯಜಮಾನನ ಬಾಯಿಂದಲೇ ಆಜ್ಞೆಯನ್ನು ಕೇಳಿ ಬಂದವರಿಗೆ, ಹಿತೈಷಿಯೊಬ್ಬನು ಮತ್ತೊಂದು ಆಜ್ಞೆಯನ್ನು ಕೊಟ್ಟರೆ ಆಜ್ಞಾಪಕನು ಬದಲಾದನೇ ಹೊರತು ಮತದಾರನು ಹುಟ್ಟಲಿಲ್ಲ. ಪಕ್ಷಾತೀತತೆಯು ಹೇಡಿತನವೆಂದು ಹೇಳುವವರುಂಟು. ಇಲ್ಲಿ ಅದನ್ನು ಪಾಲಿಸಿದವರು ನೌಕರಿಯನ್ನು ಕಳೆದುಕೊಂಡವರು, ಸೆರೆಮನೆಯನ್ನು ಕಂಡವರು.

ಸೆರೆಮನೆಯ ಮಾತು ಅಲಂಕಾರಕ್ಕಾಗಿ ಬಂದದ್ದಲ್ಲ. ವಾಡ್ಮಲಾ, ಎಡಿಸ್ಟೊ ದ್ವೀಪಗಳಿಗೂ ಉತ್ತರ ಚಾರ್ಲ್ಸ್‌ಟನ್ನಿಗೂ ಶಾಲೆ ಹಬ್ಬುತ್ತಿದ್ದಾಗ, 1959ರ ಜುಲೈ 31ರ ರಾತ್ರಿ ಪೋಲೀಸರು ಹೈಲ್ಯಾಂಡರಿಗೆ ನುಗ್ಗಿ, ಮದ್ಯವಿಟ್ಟುಕೊಂಡ ಆರೋಪದ ಮೇಲೆ ಕ್ಲಾರ್ಕರನ್ನು ಹಿಡಿದೊಯ್ದರು. ಆರೋಪವು ನಿಲ್ಲಲಿಲ್ಲ, ಆದರೆ ಅದರ ಬೆನ್ನಲ್ಲಿಯೇ ಸಂಸ್ಥೆಯ ಸನ್ನದನ್ನು ಕಿತ್ತುಕೊಳ್ಳುವ ವ್ಯವಹಾರವು ಮುಂದುವರಿದು, 1961ರಲ್ಲಿ ಹೈಲ್ಯಾಂಡರಿನ ಬಾಗಿಲು ಮುಚ್ಚಿತು, ಆಸ್ತಿ ಸರ್ಕಾರದ ವಶವಾಯಿತು. ಅಷ್ಟರೊಳಗೆ ಪೌರಶಾಲೆಯನ್ನು ಕಿಂಗರ ನೇತೃತ್ವದ ದಕ್ಷಿಣ ಕ್ರೈಸ್ತ ನಾಯಕರ ಸಮ್ಮೇಳನಕ್ಕೆ ಒಪ್ಪಿಸಿದ್ದರು. ಜಾರ್ಜಿಯಾ ಸಂಸ್ಥಾನದ ಡಾರ್ಚೆಸ್ಟರ್ ಅಕಾಡೆಮಿಯಲ್ಲಿ ಕ್ಲಾರ್ಕ್, ಡೊರೊತಿ ಕಾಟನ್, ಆಂಡ್ರೂ ಯಂಗ್ ಮೂವರೂ ಹಳ್ಳಿಹಳ್ಳಿಗಳಿಂದ ಬಂದವರನ್ನು ಐದು ದಿನ ಇಟ್ಟುಕೊಂಡು ತರಬೇತು ಮಾಡಿ ಹಿಂದಕ್ಕೆ ಕಳುಹುತ್ತಿದ್ದರು. ಬಂದವರು ರೈತರು, ಅಗಸಗಿತ್ತಿಯರು, ಕೇಶಶೃಂಗಾರದವರು. ಉಪಾಧ್ಯಾಯ ವೃತ್ತಿಯವರು ಕೆಲವರೇ. ಸಮ್ಮೇಳನದ ಕಾರ್ಯಮಂಡಲಿಯಲ್ಲಿ ಈಕೆಗೇಕೆ ಸ್ಥಾನವೆಂದು ಅಲ್ಲಿನ ಗಂಡಸರೊಬ್ಬರು ಕೇಳುತ್ತಿದ್ದುದನ್ನು ಕ್ಲಾರ್ಕರು ಮುಂದೆ ಬಿಚ್ಚುಮನಸ್ಸಿನಿಂದ ಹೇಳಿದ್ದಾರೆ.

ಈ ಶಿಕ್ಷಣಕ್ಕೆ ಬಂದವರಲ್ಲಿ ಮಿಸಿಸಿಪಿಯ ಹತ್ತಿಯ ತೋಟದ ಗೇಣಿದಾರಳಾದ ಫ್ಯಾನಿ ಲೂ ಹೇಮರ್ ಒಬ್ಬರು. 1962ರ ಆಗಸ್ಟಿನಲ್ಲಿ ಮತದಾರರ ಪಟ್ಟಿಗೆ ಸೇರಲು ಪ್ರಯತ್ನಿಸಿದ್ದಕ್ಕಾಗಿ ಹದಿನೆಂಟು ವರ್ಷ ದುಡಿದ ತೋಟದಿಂದ ಅದೇ ದಿನ ಅವರನ್ನು ಹೊರಹಾಕಿದ್ದರು. ಮಾರನೆಯ ವರ್ಷ ಜೂನಿನಲ್ಲಿ ಚಾರ್ಲ್ಸ್‌ಟನ್ನಿನ ತರಬೇತಿಯಿಂದ ಹಿಂದಿರುಗುವಾಗ ವಿನೋನಾ ಎಂಬ ಊರಿನಲ್ಲಿ ಅವರನ್ನೂ ಜೊತೆಯವರನ್ನೂ ಹಿಡಿದು, ಸೆರೆಮನೆಯಲ್ಲಿ ಹೊಡೆಸಿದರು. ಆ ಪೆಟ್ಟಿನ ಊನವು ಅವರ ದೇಹದಲ್ಲಿ ಕಡೆಯ ತನಕ ಉಳಿಯಿತು.

1962ರಲ್ಲಿ ಹಲವು ಸಂಘಗಳಿಗೆ ಧನಸಹಾಯ ಮಾಡಲು ಪಕ್ಷಾತೀತವಾದ ಮತದಾರ ಶಿಕ್ಷಣ ಯೋಜನೆಯೊಂದು ಏರ್ಪಟ್ಟು, ಎರಡು ವರ್ಷಗಳಲ್ಲಿ ದಕ್ಷಿಣದಲ್ಲಿ ಏಳು ಲಕ್ಷಕ್ಕೆ ಸಮೀಪ ಹೊಸ ಮತದಾರರು ಪಟ್ಟಿಗೆ ಸೇರಿದರು. ಅದರಲ್ಲಿ ಪೌರಶಾಲೆಗಳ ಪಾಲನ್ನು ಬೇರ್ಪಡಿಸಿ ಹೇಳುವುದು ಕಷ್ಟ. 1957ರಿಂದ 1970ರ ವರೆಗೆ ಒಟ್ಟು 897 ಶಾಲೆಗಳು ನಡೆದವೆಂದು ಲೆಕ್ಕವಿದೆ. ಅವು ನಡೆದದ್ದು ಅಡಿಗೆಮನೆಗಳಲ್ಲಿ, ಇಗರ್ಜಿಗಳಲ್ಲಿ, ಕೇಶಶೃಂಗಾರದ ಅಂಗಡಿಗಳಲ್ಲಿ.

1965ರ ಆಗಸ್ಟ್ 6ರಂದು ಮತದ ಹಕ್ಕಿನ ಕಾಯಿದೆಗೆ ಅಧ್ಯಕ್ಷ ಜಾನ್ಸನ್ನರ ಸಹಿ ಬಿತ್ತು. ಓದಿನ ಪರೀಕ್ಷೆಯು ಅಲ್ಲಿಗೆ ಅಮಾನತ್ತಾಯಿತು. ಆ ಕಾಯಿದೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಸಂಸ್ಥಾನ ದಕ್ಷಿಣ ಕೆರೋಲಿನಾ. 1966ರ ಮಾರ್ಚಿನಲ್ಲಿ ಅದು ಸೋತಿತು. ಬೀಗ ಕಳಚಿದ ಮೇಲೂ ಕ್ಲಾರ್ಕರು ಶಾಲೆಗಳನ್ನು ನಿಲ್ಲಿಸಲಿಲ್ಲ. 1970ರಲ್ಲಿ ನಿವೃತ್ತರಾಗುವವರೆಗೆ ನಡೆಸಿದರು. ತರುವಾಯ ಚಾರ್ಲ್ಸ್‌ಟನ್ನಿನ ಶಿಕ್ಷಣಮಂಡಲಿಗೆ ಚುನಾವಣೆಯಲ್ಲಿ ಗೆದ್ದು ಸದಸ್ಯರಾದರು. 1976ರಲ್ಲಿ ನಿವೃತ್ತಿವೇತನವು ಮತ್ತೆ ದೊರೆಯಿತು. 1987ರ ಡಿಸೆಂಬರಿನಲ್ಲಿ ಜಾನ್ಸ್ ದ್ವೀಪದಲ್ಲಿಯೇ ತೀರಿಕೊಂಡರು. ರಾಬಿನ್ಸನ್ನರು 1972ರಲ್ಲಿ ಸಂಸ್ಥಾನದ ಶಾಸನಸಭೆಗೆ ನಿಂತು ಸೋತರು. ಅದೇ ವರ್ಷ ಜೆಂಕಿನ್ಸರು ಮೋಟಾರು ಅಪಘಾತದಲ್ಲಿ ಮಡಿದರು. ಪ್ರಗತಿಸಂಘವು ಹಳೆಯ ಅಂಗಡಿಯ ಜಾಗದಲ್ಲಿ 1963ರಲ್ಲಿ ಕಟ್ಟಿಸಿದ್ದ ದೊಡ್ಡ ಕಟ್ಟಡವು 1989ರ ಹ್ಯೂಗೊ ಚಂಡಮಾರುತಕ್ಕೆ ಸಿಕ್ಕಿ ಹಾಳಾಯಿತು. 2007ರಲ್ಲಿ ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಅದರ ಹೆಸರನ್ನು ಸೇರಿಸಲಾಯಿತು.